ಕಂಪವಾತದ ಔಷಧವೂ ಸಾರ್ವಜನಿಕ ಧನವೂ: ಒಂದು ಚರಿತ್ರೆಯ ಪರಾಮರ್ಶೆ

ಪ್ರಜೆಗಳ ತೆರಿಗೆಯಿಂದ ನಡೆಯುವ ವಿಜ್ಞಾನ ಸಂಶೋಧನೆಯನ್ನು ಕುರಿತು ಪ್ರಜೆಗಳು ಕೇಳುವ ಪ್ರಶ್ನೆ ಒಂದೇ: ಕೊಟ್ಟ ಹಣಕ್ಕೆ ಬಂದ ಫಲವೇನು? ಪ್ರಶ್ನೆ ನ್ಯಾಯವಾದದ್ದು. ಮಿದುಳು ಮತ್ತು ನರಮಂಡಲದ ಸಂಶೋಧನೆಯ ವಿಷಯದಲ್ಲಿ ಇದು ಇನ್ನಷ್ಟು ತೀವ್ರವಾಗುತ್ತದೆ. ಆ ಸಂಶೋಧನೆಯ ವೆಚ್ಚ ದೊಡ್ಡದು. ಅದಕ್ಕೆ ಬೇಕಾದ ಕಾಲ ದೀರ್ಘವಾದದ್ದು. ಆ ವ್ಯಾಧಿಗಳಿಂದ ನರಳುವವರ ಸಂಕಟವಾದರೋ ಕಾಯುವಂಥದ್ದಲ್ಲ. ಈ ಪ್ರಶ್ನೆಗೆ ಉತ್ತರ ಹೇಳಹೊರಟವರು ಸಾಮಾನ್ಯವಾಗಿ ಇತಿಹಾಸದ ಮೊರೆ ಹೋಗುತ್ತಾರೆ. ಇಂಥ ವರ್ಷ ಇಂಥ ಸಂಸ್ಥೆಗೆ ಹಣ ಸಂದಿತು, ಅದರಿಂದ ಇಂಥ ಮದ್ದು ದೊರೆಯಿತು ಎಂದು ನಿದರ್ಶನಗಳನ್ನು ಮುಂದಿಡುತ್ತಾರೆ. ಹೀಗಿರುವಲ್ಲಿ, ಆ ನಿದರ್ಶನಗಳು ಎಷ್ಟರಮಟ್ಟಿಗೆ ನಂಬತಕ್ಕವು ಎಂದು ಪರೀಕ್ಷಿಸುವುದು ಇತಿಹಾಸದ ಅಧ್ಯಾಪಕನ ಕರ್ತವ್ಯವೂ ಆಗುತ್ತದೆ. ಔಷಧದ ಗುಣವನ್ನು ವೈದ್ಯರು ತೂಗಲಿ. ಕಥನದ ಸಾಕ್ಷ್ಯವನ್ನು ತೂಗುವುದು ನಮ್ಮ ಶಾಸ್ತ್ರಕ್ಕೆ ಸೇರಿದ್ದು.

ಪ್ರಕೃತ ಲೇಖನದಲ್ಲಿ ಒಂದೇ ನಿದರ್ಶನವನ್ನು ಆರಿಸಿಕೊಂಡಿದೆ. ಅದು ಪಾರ್ಕಿನ್‌ಸನ್ ರೋಗಕ್ಕೆ, ಎಂದರೆ ನಮ್ಮಲ್ಲಿ ಕಂಪವಾತವೆಂದು ಕರೆಯುವ ವ್ಯಾಧಿಗೆ, ಎಲ್-ಡೋಪ ಎಂಬ ಔಷಧ ಸಿದ್ಧಿಸಿದ ಕಥೆ. ಈ ಕಥೆಯನ್ನು ಹೇಳುವ ಮೂರು ರೀತಿಗಳು ಬಳಕೆಯಲ್ಲಿವೆ. ಒಂದು, ಮಹಾಪುರುಷರ ಕಥೆ. ಎರಡು, ದೇಶಾಭಿಮಾನದ ಕಥೆ. ಮೂರು, ಲೆಕ್ಕಪತ್ರದ ಕಥೆ. ಈ ಮೂರರಲ್ಲಿಯೂ ಸಾರ್ವಜನಿಕ ಧನವು ನಿಜವಾಗಿ ಮಾಡಿದ ಕೆಲಸ ಮರೆಯಾಗುತ್ತದೆ ಎಂಬುದು ನಮ್ಮ ಅಭಿಪ್ರಾಯ. ಅದನ್ನು ಸಾಧಿಸುವ ಮುನ್ನ ಸಂಗತಿಗಳನ್ನು ಅನುಕ್ರಮವಾಗಿ ನೋಡೋಣ.

೧

ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್‌ಸನ್ನರು ೧೮೧೭ರಲ್ಲಿ ಆರು ಮಂದಿ ರೋಗಿಗಳ ಲಕ್ಷಣಗಳನ್ನು ವರ್ಣಿಸಿ ಒಂದು ಪ್ರಬಂಧವನ್ನು ಪ್ರಕಟಿಸಿದರು. ಕೈಗಳ ನಡುಕ, ಮುಂದಕ್ಕೆ ಬಾಗಿದ ಮೈ, ತಡೆತಡೆದು ಇಡುವ ಕಿರುಹೆಜ್ಜೆ, ಇವು ಅವರು ಕಂಡ ಚಿಹ್ನೆಗಳು. ಈ ರೋಗಿಗಳ ಮಿದುಳಿನ ಬುಡದಲ್ಲಿರುವ ಒಂದು ಕಪ್ಪು ಪದರದ ಜೀವಕೋಶಗಳು ನಶಿಸಿರುತ್ತವೆಂಬುದನ್ನು ೧೯೧೯ರಲ್ಲಿ ಪ್ಯಾರಿಸಿನ ಪ್ರೌಢಪ್ರಬಂಧವೊಂದರಲ್ಲಿ ಟ್ರೆಟ್ಯಾಕೋಫ್ ಎಂಬವರು ಪ್ರತಿಪಾದಿಸಿದರು. ಕೆಟ್ಟಿರುವ ಸ್ಥಳ ಹೀಗೆ ತಿಳಿಯಿತು. ಆದರೆ ಅಲ್ಲಿ ಕೊರತೆಯಾದ ವಸ್ತು ಯಾವುದೆಂದು ತಿಳಿಯಲು ಮತ್ತೆ ನಲವತ್ತು ವರ್ಷ ಹಿಡಿಯಿತು. ಆ ತಿಳಿವಳಿಕೆ ಬಂದ ದಾರಿಯಾದರೂ ಕಂಪವಾತದ ಕಡೆಯಿಂದ ಹೊರಟದ್ದಲ್ಲ.

ದಾರಿಯ ಮೊದಲ ಘಟ್ಟ ನಮ್ಮ ದೇಶದಲ್ಲಿದೆ. ಸರ್ಪಗಂಧದ ಬೇರು ಉನ್ಮಾದಕ್ಕೂ ರಕ್ತದ ಒತ್ತಡಕ್ಕೂ ಉಪಯುಕ್ತವೆಂದು ೧೯೩೧ರಲ್ಲಿ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ಅವರು ಪ್ರಕಟಿಸಿದರು. ಮುಂಬಯಿಯ ರುಸ್ತುಂ ಜಾಲ್ ವಕೀಲರು ೧೯೪೯ರಲ್ಲಿ ಬ್ರಿಟಿಷ್ ಹೃದ್ರೋಗ ಪತ್ರಿಕೆಯೊಂದರಲ್ಲಿ ಬರೆದ ಲೇಖನದಿಂದ ಅದು ಪಶ್ಚಿಮದ ವೈದ್ಯರ ಗಮನಕ್ಕೆ ಬಂದಿತು. ೧೯೫೨ರಲ್ಲಿ ಸ್ವಿಟ್ಸರ್ಲೆಂಡಿನ ಬಾಸೆಲ್ ನಗರದ ಸಿಬಾ ಕಂಪನಿಯ ರಸಾಯನಜ್ಞರು ಆ ಬೇರಿನಿಂದ ರೆಸರ್ಪಿನ್ ಎಂಬ ಸಾರವನ್ನು ಬೇರ್ಪಡಿಸಿದರು. ಅದು ಒತ್ತಡವನ್ನು ಇಳಿಸಿತು, ಮನಸ್ಸನ್ನು ಶಾಂತಗೊಳಿಸಿತು. ಆದರೆ ಕೆಲವು ರೋಗಿಗಳಲ್ಲಿ ಕಂಪವಾತವನ್ನೇ ಹೋಲುವ ಬಿಗಿತವನ್ನೂ ನಡುಕವನ್ನೂ ಉಂಟುಮಾಡಿತು. ಈ ಅನಿಷ್ಟ ಪರಿಣಾಮವೇ ಮುಂದೆ ದಾರಿ ತೋರಿಸಿದ್ದು.

ಎರಡನೆಯ ಘಟ್ಟ ಅಮೆರಿಕದ ಬೆಥೆಸ್ಡದಲ್ಲಿರುವ ರಾಷ್ಟ್ರೀಯ ಹೃದಯ ಸಂಸ್ಥೆ. ಇದು ಸರಕಾರದ ಸಂಸ್ಥೆ. ಹೆಸರೇ ಹೇಳುವಂತೆ ಹೃದ್ರೋಗದ ಅಧ್ಯಯನಕ್ಕಾಗಿ ಸ್ಥಾಪಿತವಾದದ್ದು. ಅಲ್ಲಿಯ ಬರ್ನಾರ್ಡ್ ಬ್ರೋಡಿ ಮತ್ತು ಅವರ ಸಹೋದ್ಯೋಗಿಗಳು ೧೯೫೫ರಲ್ಲಿ, ರೆಸರ್ಪಿನ್ ಕೊಟ್ಟ ಪ್ರಾಣಿಗಳ ದೇಹದ ಸಂಗ್ರಹಗಳಿಂದ ಸೆರೊಟೊನಿನ್ ಎಂಬ ವಸ್ತು ಬರಿದಾಗುತ್ತದೆಂದು ತೋರಿಸಿದರು. ಮಿದುಳಿನೊಳಗಿನ ಇಂಥ ಸೂಕ್ಷ್ಮ ಪ್ರಮಾಣಗಳನ್ನು ಅಳೆಯಲು ಬೇಕಾದ ಉಪಕರಣವೂ ಅಲ್ಲಿಯೇ ರೂಪುಗೊಂಡಿತ್ತು. ವಸ್ತುವಿನ ಮೇಲೆ ಬೆಳಕು ಚೆಲ್ಲಿ, ಅದು ಮರಳಿ ಸೂಸುವ ಹೊಳಪಿನಿಂದ ಅದರ ಪ್ರಮಾಣವನ್ನು ಕಂಡುಹಿಡಿಯುವ ಆ ಯಂತ್ರವನ್ನು ರಚಿಸಿದವರು ರಾಬರ್ಟ್ ಬೌಮನ್. ಈ ವಿದ್ಯೆಯಲ್ಲಿ ಬ್ರೋಡಿಯವರ ತಂಡ ಪಳಗಿದ್ದು ಎರಡನೆಯ ಮಹಾಯುದ್ಧದ ಕಾಲದಲ್ಲಿ, ಮಲೇರಿಯದ ಔಷಧಗಳನ್ನು ರಕ್ತದಲ್ಲಿ ಅಳೆಯುವ ಸರಕಾರಿ ಕಾರ್ಯದಲ್ಲಿ.

ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್ನರು ಬ್ರೋಡಿಯವರ ಪ್ರಯೋಗಶಾಲೆಯಲ್ಲಿ ಕೆಲವು ತಿಂಗಳು ಕೆಲಸ ಕಲಿತು, ೧೯೫೬ರಲ್ಲಿ ಲುಂಡ್ ವಿಶ್ವವಿದ್ಯಾನಿಲಯಕ್ಕೆ ಹಿಂದಿರುಗಿದರು. ಅವರೂ ಅವರ ಶಿಷ್ಯರೂ ಮೊಲಗಳಿಗೆ ರೆಸರ್ಪಿನ್ ಕೊಟ್ಟಾಗ ಅವು ಕಿವಿ ಜೋತುಬಿಟ್ಟು ಅಲುಗಾಡದೆ ಬಿದ್ದುಕೊಂಡವು. ಡೋಪ ಎಂಬ ವಸ್ತುವನ್ನು ಚುಚ್ಚಿದೊಡನೆ ಎದ್ದು ಓಡಾಡಿದವು. ೧೯೫೭ರಲ್ಲಿ ಇದು ಪ್ರಕಟವಾಯಿತು. ಡೋಪದಿಂದ ಹುಟ್ಟುವ ಡೋಪಮೈನ್ ಮಿದುಳಿನಲ್ಲಿ ಸಹಜವಾಗಿಯೇ ಇದೆಯೆಂದು ಅವರು ೧೯೫೮ರಲ್ಲಿ ಅಳೆದು ತೋರಿಸಿದರು. ಚಲನೆಗೆ ಸಂಬಂಧಪಟ್ಟ ಭಾಗದಲ್ಲಿಯೇ ಅದು ಹೆಚ್ಚಾಗಿ ಸೇರಿಕೊಂಡಿದೆಯೆಂದು ಮರುವರ್ಷ ಅವರ ಶಿಷ್ಯರಾದ ಬರ್ಟ್ಲರ್ ಮತ್ತು ರೋಸೆನ್‌ಗ್ರೆನ್ ಕಂಡುಕೊಂಡರು. ಆದರೂ ೧೯೬೦ರ ಲಂಡನ್ ಗೋಷ್ಠಿಯಲ್ಲಿ ಹಿರಿಯ ಔಷಧಶಾಸ್ತ್ರಜ್ಞರು ಈ ವಾದವನ್ನು ಸಂಶಯದಿಂದಲೇ ಕಂಡರು.

ಮೂರನೆಯ ಘಟ್ಟ ವಿಯೆನ್ನ. ಬ್ರಿಟಿಷ್ ಕೌನ್ಸಿಲ್ಲಿನ ವಿದ್ಯಾರ್ಥಿವೇತನ ಪಡೆದು ಆಕ್ಸ್‌ಫರ್ಡಿನಲ್ಲಿ ಡೋಪಮೈನಿನ ಅಭ್ಯಾಸ ಮಾಡಿ ಬಂದಿದ್ದ ಓಲೆ ಹೋರ್ನಿಕೇವಿಚರು ಪ್ರಾಣಿಗಳನ್ನು ಬಿಟ್ಟು ಮೃತ ಮಾನವರ ಮಿದುಳುಗಳನ್ನೇ ಪರೀಕ್ಷಿಸಿದರು. ಹರ್ಬರ್ಟ್ ಏರಿಂಗರರೊಡನೆ ೧೯೬೦ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಕಂಪವಾತದಿಂದ ನರಳಿದ್ದ ಆರು ಮಂದಿಯ ಮಿದುಳುಗಳಲ್ಲಿ ಡೋಪಮೈನ್ ತೀರ ಇಳಿದಿರುವುದನ್ನು ತೋರಿಸಿದರು. ಡೋಪಮೈನನ್ನೇ ಕೊಟ್ಟರೆ ಅದು ರಕ್ತದಿಂದ ಮಿದುಳಿಗೆ ದಾಟದು. ಎಲ್-ಡೋಪ ದಾಟುತ್ತದೆ, ದಾಟಿದ ಮೇಲೆ ಡೋಪಮೈನಾಗಿ ಪರಿಣಮಿಸುತ್ತದೆ. ೧೯೬೧ರ ಜುಲೈಯಲ್ಲಿ ವಿಯೆನ್ನ ನಗರಸಭೆಯ ಲೈಂಟ್ಸ್ ಚಿಕಿತ್ಸಾಲಯದಲ್ಲಿ ವಾಲ್ಟರ್ ಬಿರ್ಕ್‌ಮೇಯರರು ಅದನ್ನು ರೋಗಿಗಳ ರಕ್ತನಾಳಕ್ಕೆ ಚುಚ್ಚಿದರು. ಹಾಸಿಗೆಯಿಂದ ಏಳಲಾರದವರು ಎದ್ದರು, ನಡೆದರು; ಆದರೆ ಗುಣ ಬಹುಕಾಲ ನಿಲ್ಲಲಿಲ್ಲ. ಮುಂದಿನ ಐದಾರು ವರ್ಷ ಬೇರೆಬೇರೆ ಕಡೆ ನಡೆದ ಪ್ರಯೋಗಗಳು ಪರಸ್ಪರ ವಿರುದ್ಧವಾದ ಫಲಗಳನ್ನು ಕೊಟ್ಟವು. ಔಷಧವು ಮೂಲೆಗುಂಪಾಗುವ ಸ್ಥಿತಿಗೆ ಬಂದಿತ್ತು.

ಅದನ್ನು ಉಳಿಸಿದ್ದು ನಾಲ್ಕನೆಯ ಘಟ್ಟ, ನ್ಯೂಯಾರ್ಕ್ ಸಂಸ್ಥಾನದ ಬ್ರೂಕ್‌ಹೇವನ್ ರಾಷ್ಟ್ರೀಯ ಪ್ರಯೋಗಶಾಲೆ. ಇದು ಆಗ ಅಮೆರಿಕದ ಪರಮಾಣುಶಕ್ತಿ ಆಯೋಗಕ್ಕೆ ಸೇರಿತ್ತು. ಅಲ್ಲಿಯ ವೈದ್ಯ ಜಾರ್ಜ್ ಕೋಟ್ಸಿಯಾಸರು ಚಿಲಿ ದೇಶದ ಮ್ಯಾಂಗನೀಸ್ ಗಣಿಗಳ ಕೂಲಿಕಾರರಲ್ಲಿ ಕಾಣಿಸಿಕೊಳ್ಳುತ್ತಿದ್ದ, ಕಂಪವಾತವನ್ನು ಹೋಲುವ ವ್ಯಾಧಿಯನ್ನು ಅಭ್ಯಸಿಸಿದವರು. ಮಿದುಳಿನ ಆ ಪದರ ಕಳೆದುಕೊಂಡ ಕಪ್ಪು ಬಣ್ಣವನ್ನು ಮರಳಿ ತುಂಬಿದರೆ ರೋಗ ಶಮನವಾದೀತೆಂದು ಅವರ ಊಹೆ. ಊಹೆ ತಪ್ಪು. ಆದರೆ ಆ ಬಣ್ಣಕ್ಕೆ ಮೂಲದ್ರವ್ಯವೆಂದು ಅವರು ಕೊಟ್ಟದ್ದು ಡೋಪವನ್ನೇ. ಅತ್ಯಲ್ಪ ಪ್ರಮಾಣದಿಂದ ಆರಂಭಿಸಿ, ದಿನಕ್ಕೆ ಹದಿನಾರು ಗ್ರಾಮಿನವರೆಗೂ ಮೆಲ್ಲಮೆಲ್ಲನೆ ಏರಿಸಿ, ರೋಗಿಗಳನ್ನು ಆಸ್ಪತ್ರೆಯಲ್ಲಿಯೇ ಇರಿಸಿಕೊಂಡು ಅವರು ಕಾದರು. ೧೯೬೭ರ ಅವರ ವರದಿಯಂತೆ ಹದಿನಾರು ಮಂದಿಯಲ್ಲಿ ಎಂಟು ಮಂದಿಗೆ ಸ್ಪಷ್ಟವಾದ ಗುಣ ಕಂಡಿತು. ಎಲ್-ಡೋಪವನ್ನೇ ಬಳಸಿದ ೧೯೬೯ರ ವರದಿ ಸಂಶಯವನ್ನು ತೊಡೆದುಹಾಕಿತು. ೧೯೭೦ರಲ್ಲಿ ಅಮೆರಿಕದ ಸರಕಾರ ಔಷಧಕ್ಕೆ ಅನುಮತಿಯಿತ್ತಿತು.

೨

ಇವು ಸಂಗತಿಗಳು. ಇವನ್ನು ಹೇಳುವ ಪ್ರಚಲಿತ ರೀತಿಗಳಲ್ಲಿ ಮೊದಲನೆಯದು ಮಹಾಪುರುಷರ ಕಥೆ. ೨೦೦೦ದ ನೊಬೆಲ್ ಬಹುಮಾನವನ್ನು ಕಾರ್ಲ್‌ಸನ್ನರು ಇನ್ನಿಬ್ಬರೊಡನೆ ಹಂಚಿಕೊಂಡರು. ಹೋರ್ನಿಕೇವಿಚರಿಗೆ ಅದು ಸಲ್ಲಲಿಲ್ಲ. ಇನ್ನೂರಕ್ಕೂ ಹೆಚ್ಚು ನರವಿಜ್ಞಾನಿಗಳು ಬಹಿರಂಗಪತ್ರದಲ್ಲಿ ತಮ್ಮ ಅಸಮಾಧಾನವನ್ನು ಸೂಚಿಸಿದರು. ಅಂದಿನಿಂದ ಈ ಚರಿತ್ರೆಯ ಚರ್ಚೆಯೆಲ್ಲ, ಮೊದಲಿಗರು ಯಾರು ಎಂಬ ವ್ಯಾಜ್ಯದ ಸುತ್ತಲೇ ತಿರುಗುತ್ತಿದೆ. ವೈಯಕ್ತಿಕ ಪ್ರತಿಭೆಯನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಕಾರ್ಲ್‌ಸನ್ನರ ಪ್ರತಿಭೆ ಬೌಮನ್ನರ ಯಂತ್ರವಿಲ್ಲದೆ ಏನನ್ನೂ ಅಳೆಯಲಾರದಾಗಿತ್ತು. ಹೋರ್ನಿಕೇವಿಚರ ಧೈರ್ಯಕ್ಕೆ ಆ ಮಿದುಳುಗಳಿಲ್ಲದೆ ಆಸ್ಪದವೇ ಇರಲಿಲ್ಲ. ಯಂತ್ರ, ಮಿದುಳು, ಆಸ್ಪತ್ರೆಯ ಹಾಸಿಗೆ, ಇವು ಬಹುಮಾನದ ಪ್ರಶಸ್ತಿಪತ್ರದಲ್ಲಿ ಬರತಕ್ಕವಲ್ಲ. ಬಾರದಿದ್ದರೂ ಇತಿಹಾಸಕಾರನು ಅವನ್ನು ಬಿಡಲಾಗದು.

ಆಲಿವರ್ ಸ್ಯಾಕ್ಸರ ‘ಅವೇಕನಿಂಗ್ಸ್’ ಎಂಬ ೧೯೭೩ರ ಗ್ರಂಥವನ್ನು ಇಲ್ಲಿ ನೆನೆಯುವುದು ಉಚಿತ. ಮೊದಲನೆಯ ಮಹಾಯುದ್ಧದ ಕಾಲದ ನಿದ್ರಾಜಾಡ್ಯದ ಪಿಡುಗಿನಿಂದ ದಶಕಗಳ ಕಾಲ ನಿಶ್ಚಲರಾಗಿದ್ದ ರೋಗಿಗಳು ೧೯೬೯ರಲ್ಲಿ ಎಲ್-ಡೋಪದಿಂದ ಎಚ್ಚತ್ತ ವೃತ್ತಾಂತ ಅದು. ರೋಗಿಯ ಅನುಭವವನ್ನು ಅಷ್ಟು ಆಪ್ತವಾಗಿ ಕಂಡ ವೈದ್ಯಗ್ರಂಥಗಳು ವಿರಳ. ಎಚ್ಚರದ ಬೆನ್ನಿಗೇ ಬಂದ ವಿಪರೀತ ಚಲನೆಗಳನ್ನೂ ಪತನವನ್ನೂ ಸ್ಯಾಕ್ಸರು ಮರೆಮಾಚಲಿಲ್ಲ. ಈ ಪ್ರಾಮಾಣಿಕತೆ ಆ ಗ್ರಂಥದ ದೊಡ್ಡ ಗುಣ. ಆದರೆ ೧೯೯೦ರ ಚಲನಚಿತ್ರದ ಮೂಲಕ ಈ ವೃತ್ತಾಂತ ಲೋಕಪ್ರಸಿದ್ಧವಾದ ಮೇಲೆ, ಒಬ್ಬ ವೈದ್ಯ, ಒಂದು ಮದ್ದು, ಒಂದು ಬೇಸಗೆ, ಇಷ್ಟೇ ಈ ಚರಿತ್ರೆಯೆಂಬ ಭಾವನೆ ಸಾಮಾನ್ಯ ಪ್ರೇಕ್ಷಕರಲ್ಲಿ ಬೇರೂರಿತು. ಮದ್ದು ಆ ವಾರ್ಡಿಗೆ ಬಂದು ಮುಟ್ಟುವ ಮೊದಲು ನಡೆದುಬಂದ ಹಾದಿ ಕಣ್ಣಿಗೆ ಬೀಳುವುದೇ ಇಲ್ಲ.

೩

ಎರಡನೆಯದು ದೇಶಾಭಿಮಾನದ ಕಥೆ. ನಮ್ಮ ಸಭೆಗಳಲ್ಲಿ ಆಗಾಗ ಕೇಳಿಬರುವಂಥದ್ದು. ನಮ್ಮ ಹೊಲದ ಬೇಲಿಗಳಲ್ಲಿ ಬೆಳೆಯುವ ನಸುಗುನ್ನಿಯ ಬೀಜದಲ್ಲಿ ಎಲ್-ಡೋಪ ಹೇರಳವಾಗಿದೆ. ಆಯುರ್ವೇದವು ಅದನ್ನು ಆತ್ಮಗುಪ್ತವೆಂಬ ಹೆಸರಿನಿಂದ ಬಲವರ್ಧಕವೆಂದೂ ವಾತಹರವೆಂದೂ ಬಳಸುತ್ತ ಬಂದಿದೆ. ಆದ್ದರಿಂದ ಈ ಔಷಧ ಮೊದಲಿನಿಂದಲೂ ನಮ್ಮದೇ ಎಂಬುದು ಈ ವಾದದ ಸಾರ. ಬೀಜದಲ್ಲಿ ವಸ್ತುವಿರುವುದು ನಿಜ. ಪರಂಪರೆಯ ಅನುಭವವೂ ತಳ್ಳಿಹಾಕತಕ್ಕದ್ದಲ್ಲ. ಆದರೆ ಒಂದು ಬೀಜ ಗುಣಕೊಟ್ಟಿತೆಂಬ ಅನುಭವ ಬೇರೆ. ಮಿದುಳಿನ ಯಾವ ಭಾಗದಲ್ಲಿ ಯಾವ ವಸ್ತು ಕೊರತೆಯಾಗಿದೆಯೆಂಬ ಜ್ಞಾನ ಬೇರೆ. ಎರಡನೆಯದಿಲ್ಲದೆ ಪ್ರಮಾಣವನ್ನು ನಿಶ್ಚಯಿಸಲಾಗದು, ಕೇಡನ್ನು ತಡೆಯಲಾಗದು, ಮುಂದಿನ ಚಿಕಿತ್ಸೆಯನ್ನು ಕಲ್ಪಿಸಲೂ ಆಗದು.

ಆದರೆ ಅಭಿಮಾನಕ್ಕೆ ಬೇರೊಂದು ನಿಜವಾದ ಕಾರಣವಿದೆ. ಈ ವಾದವನ್ನು ಮಂಡಿಸುವವರು ಅದನ್ನು ಹೇಳುವುದೇ ಇಲ್ಲ. ನಸುಗುನ್ನಿಯ ಬೀಜದಿಂದ ಎಲ್-ಡೋಪವನ್ನು ಬೇರ್ಪಡಿಸಿದವರು ಮದರಾಸು ವಿಶ್ವವಿದ್ಯಾನಿಲಯದ ದಾಮೋದರನ್ ಮತ್ತು ರಾಮಸ್ವಾಮಿ ಅವರು. ಅವರ ಲೇಖನ ಇಂಗ್ಲೆಂಡಿನ ಜೀವರಸಾಯನ ಪತ್ರಿಕೆಯಲ್ಲಿ ೧೯೩೭ರಲ್ಲಿ ಅಚ್ಚಾಯಿತು. ಅದಕ್ಕೂ ಮೊದಲು, ೧೯೧೩ರಲ್ಲಿ, ರೋಷ್ ಕಂಪನಿಯ ಮಾರ್ಕುಸ್ ಗುಗೆನ್‌ಹೈಮರು ಯುರೋಪಿನ ಒಂದು ಜಾತಿಯ ಅವರೆಯಿಂದ ಅದೇ ವಸ್ತುವನ್ನು ತೆಗೆದಿದ್ದರು. ಮದರಾಸಿನವರು ದುಡಿದ ಕಾಲದಲ್ಲಿ ಆ ವಸ್ತುವಿಗೆ ಮಿದುಳಿನ ರೋಗದೊಡನೆ ಸಂಬಂಧವಿದೆಯೆಂದು ಜಗತ್ತಿನಲ್ಲಿ ಯಾರೂ ಅರಿತಿರಲಿಲ್ಲ. ಪರತಂತ್ರ ದೇಶದ ಒಂದು ವಿಶ್ವವಿದ್ಯಾನಿಲಯ, ಯಾವ ಪ್ರಯೋಜನವನ್ನೂ ಸೂಚಿಸಲಾಗದ ಅಂಥ ಕೆಲಸಕ್ಕೆ ಎಡೆಕೊಟ್ಟಿತ್ತೆಂಬುದು ಹೆಮ್ಮೆಪಡಬೇಕಾದ ಸಂಗತಿ. ಪುರಾತನತ್ವದ ಹೆಮ್ಮೆ ಈ ಶ್ರಮವನ್ನು ಮರೆಸಿದರೆ, ಅದು ನಮ್ಮ ವಿದ್ವಾಂಸರಿಗೇ ಮಾಡಿದ ಅನ್ಯಾಯ.

೪

ಮೂರನೆಯದು ಲೆಕ್ಕಪತ್ರದ ಕಥೆ. ಸಾರ್ವಜನಿಕ ಧನದ ಪಕ್ಷಪಾತಿಗಳೇ ಇದನ್ನು ಹೆಚ್ಚಾಗಿ ಹೇಳುವುದರಿಂದ, ಇದರ ಪರೀಕ್ಷೆ ಹೆಚ್ಚು ಅವಶ್ಯ. ಇಷ್ಟು ಹಣ ಈ ರೋಗಕ್ಕೆ, ಇಷ್ಟು ವರ್ಷಕ್ಕೆ ಈ ಔಷಧ, ಹೀಗೆ ಇದರ ಸೂತ್ರ. ಮೇಲಿನ ಸಂಗತಿಗಳನ್ನು ಈ ಸೂತ್ರಕ್ಕೆ ಹೊಂದಿಸಿ ನೋಡಬಹುದು. ೧೯೫೭ರಲ್ಲಿ ಲುಂಡ್ ವಿಶ್ವವಿದ್ಯಾನಿಲಯದ ಮೊಲಗಳ ವೆಚ್ಚವನ್ನು ಕಂಪವಾತದ ಬಾಬಿಗೆ ಬರೆಯಲು ಯಾವ ಲೆಕ್ಕಿಗನಿಗೂ ಸಾಧ್ಯವಿರಲಿಲ್ಲ. ಬೆಥೆಸ್ಡದ ಹಣ ಹೃದಯದ ಹೆಸರಿನಲ್ಲಿ ಸಂದದ್ದು. ಅಳತೆಯ ವಿದ್ಯೆ ಮಲೇರಿಯದ ಹೆಸರಿನಲ್ಲಿ ಬೆಳೆದದ್ದು. ಬ್ರೂಕ್‌ಹೇವನ್ನಿನ ಹಣ ಪರಮಾಣುವಿನ ಹೆಸರಿನದು. ಕಂಪವಾತದ ಹೆಸರು ಹೊತ್ತ ಹಣವನ್ನಷ್ಟೇ ಕೂಡಿಸಿದವನಿಗೆ ಈ ಔಷಧದ ಹುಟ್ಟು ಆಕಸ್ಮಿಕವೆಂದೇ ತೋರುತ್ತದೆ.

ಈ ತೊಡಕನ್ನು ಸಂಖ್ಯೆಗಳಿಂದ ಬಿಡಿಸಲು ನಡೆದ ಪ್ರಯತ್ನಗಳಲ್ಲಿ ಕಾಮ್ರೋ ಮತ್ತು ಡ್ರಿಪ್ಸ್ ಅವರ ೧೯೭೬ರ ಅಧ್ಯಯನ ಪ್ರಸಿದ್ಧವಾದದ್ದು. ಹೃದಯ ಮತ್ತು ಶ್ವಾಸಕೋಶಗಳ ಚಿಕಿತ್ಸೆಯಲ್ಲಿ ಸಾಧಿತವಾದ ಹತ್ತು ಮುನ್ನಡೆಗಳನ್ನು ಆರಿಸಿ, ಅವುಗಳಿಗೆ ಆಧಾರವಾದ ೫೨೯ ಮುಖ್ಯ ಲೇಖನಗಳನ್ನು ಪರಿಶೀಲಿಸಿದಾಗ, ಅವುಗಳಲ್ಲಿ ಶೇಕಡ ೪೧ರಷ್ಟು ಬರೆಯುವ ಕಾಲಕ್ಕೆ ಯಾವ ಚಿಕಿತ್ಸೆಯನ್ನೂ ಗುರಿಯಾಗಿಟ್ಟುಕೊಂಡಿರಲಿಲ್ಲವೆಂದು ಕಂಡಿತು. ನಮ್ಮ ನಿದರ್ಶನಕ್ಕೆ ಇದು ಸಮರ್ಥನೆಯಾಗಿ ತೋರಬಹುದು. ಆದರೆ ಈ ಅಧ್ಯಯನದಲ್ಲಿಯೂ ಇತಿಹಾಸಕಾರನು ಗಮನಿಸಬೇಕಾದ ಒಂದು ದೋಷವಿದೆ. ಅದು ಗೆದ್ದ ಹತ್ತು ಸಾಧನೆಗಳಿಂದ ಹೊರಟು ಹಿಂದಕ್ಕೆ ನಡೆಯುತ್ತದೆ. ಸೋತು ಕಡತಗಳಲ್ಲಿ ಉಳಿದುಹೋದ ಕೆಲಸಗಳು ಅದರ ಎಣಿಕೆಗೆ ಬರುವುದಿಲ್ಲ. ಯುದ್ಧದಲ್ಲಿ ಗೆದ್ದವರ ಶಾಸನಗಳನ್ನಷ್ಟೇ ಓದಿ ಯುದ್ಧದ ಚರಿತ್ರೆ ಬರೆದಂತೆ ಇದು. ನಾವು ಹೇಳುವ ಎಲ್-ಡೋಪದ ಕಥೆಗೂ ಈ ದೋಷ ತಟ್ಟುತ್ತದೆ. ಆದುದರಿಂದ, ಗುರಿಯಿಲ್ಲದೆ ಕೊಟ್ಟ ಹಣವೆಲ್ಲ ಫಲಿಸುತ್ತದೆಂದು ಒಂದು ನಿದರ್ಶನದಿಂದ ಸಾಧಿಸುವುದು ಅತಿವ್ಯಾಪ್ತಿ.

ಹಾಗಾದರೆ ಈ ಚರಿತ್ರೆಯಿಂದ ನಿಶ್ಚಿತವಾಗಿ ಹೇಳಬಹುದಾದದ್ದೇನು? ಸಾರ್ವಜನಿಕ ಧನವು ಇಲ್ಲಿ ಔಷಧವನ್ನು ಕೊಂಡುಕೊಳ್ಳಲಿಲ್ಲ. ಅದು ಮಾಡಿದ್ದು, ಮುಂದೆ ಯಾರಿಗೆ ಯಾವಾಗ ಬೇಕಾದೀತೆಂದು ತಿಳಿಯದ ನಾಲ್ಕು ಬಗೆಯ ಸಾಮಗ್ರಿಯನ್ನು ಕೆಡದಂತೆ ಕಾಪಾಡಿದ್ದು: ಅಳೆಯುವ ಉಪಕರಣ, ಒಂದು ದೇಶದಿಂದ ಇನ್ನೊಂದು ದೇಶಕ್ಕೆ ಹೋಗಿ ಕಲಿತುಬಂದ ಜನ, ರೋಗಿಗಳನ್ನು ತಿಂಗಳುಗಟ್ಟಲೆ ನೋಡಿಕೊಂಡು, ಸತ್ತ ಮೇಲೂ ಪರೀಕ್ಷಿಸಲು ಅವಕಾಶವಿದ್ದ ಆಸ್ಪತ್ರೆ, ಒಂದು ತಪ್ಪು ಊಹೆ ಸರಿಯಾದ ಫಲವನ್ನು ಕೊಡುವವರೆಗೆ ಕಾಯುವ ಕಾಲಾವಕಾಶ. ಈ ನಾಲ್ಕರಲ್ಲಿ ಯಾವುದನ್ನು ತೆಗೆದರೂ ಸರಪಳಿ ಕಡಿಯುತ್ತದೆಂಬುದನ್ನು ಸಾಕ್ಷ್ಯದಿಂದಲೇ ತೋರಿಸಬಹುದು. ವಿಯೆನ್ನದ ಚುಚ್ಚುಮದ್ದಿಗೂ ಬ್ರೂಕ್‌ಹೇವನ್ನಿನ ಯಶಸ್ಸಿಗೂ ನಡುವೆ ಔಷಧ ಮೂಲೆಗುಂಪಾಗಹೊರಟದ್ದು ಇದಕ್ಕೆ ನಿದರ್ಶನ. ವಸ್ತು ಕೈಯಲ್ಲಿತ್ತು, ಸಿದ್ಧಾಂತವೂ ಇತ್ತು. ಪ್ರಮಾಣವನ್ನು ತಾಳ್ಮೆಯಿಂದ ಏರಿಸಿ ನೋಡುವ ಅನುಕೂಲ ಮಾತ್ರ ಒದಗಿರಲಿಲ್ಲ.

ಔಷಧದ ಕಂಪನಿಗಳ ಪಾತ್ರವನ್ನು ಇಲ್ಲಿ ಮರೆಯಬಾರದು. ರೆಸರ್ಪಿನ್ ಸಿಬಾದಿಂದ ಬಂದದ್ದು. ಎಲ್-ಡೋಪವನ್ನು ಒಂಟಿಯಾಗಿ ಕೊಟ್ಟಾಗ ಅದರ ಬಹುಪಾಲು ಮಿದುಳನ್ನು ಮುಟ್ಟುವ ಮೊದಲೇ ಮಾರ್ಪಟ್ಟು, ವಾಂತಿಯನ್ನು ತರುತ್ತಿತ್ತು. ಇದನ್ನು ತಡೆಯುವ ಕಾರ್ಬಿಡೋಪ ಮರ್ಕ್ ಕಂಪನಿಯ ಕೊಡುಗೆ. ಅದನ್ನು ಬೆರೆಸಿದ ಗುಳಿಗೆ ೧೯೭೫ರಲ್ಲಿ ಅಮೆರಿಕದಲ್ಲಿ ಬಳಕೆಗೆ ಬಂದ ಮೇಲೆ ಎಲ್-ಡೋಪದ ಪ್ರಮಾಣವನ್ನು ಮುಕ್ಕಾಲು ಪಾಲಿನಷ್ಟು ತಗ್ಗಿಸಲು ಸಾಧ್ಯವಾಯಿತು. ಈ ಜೋಡಿ ಇಂದು ವಿಶ್ವ ಆರೋಗ್ಯ ಸಂಸ್ಥೆಯ ಅತ್ಯಾವಶ್ಯಕ ಔಷಧಗಳ ಪಟ್ಟಿಯಲ್ಲಿದೆ. ಆದರೆ ಕಂಪನಿ ಕೈಹಾಕಿದ್ದು, ಗುರಿ ಕಣ್ಣಿಗೆ ಕಂಡ ಮೇಲೆ. ಗುರಿಯೇ ಕಾಣದಿದ್ದ ಕಾಲದ ನಷ್ಟವನ್ನು ಹೊತ್ತುಕೊಂಡದ್ದು ಬಹುಮಟ್ಟಿಗೆ ಬೊಕ್ಕಸಗಳು.

೫

ಈ ವಿಚಾರ ಗತಕಾಲಕ್ಕಷ್ಟೇ ಸಂಬಂಧಿಸಿದ್ದಲ್ಲ. ಎಲ್-ಡೋಪ ರೋಗವನ್ನು ಗುಣಪಡಿಸುವುದಿಲ್ಲ. ಲಕ್ಷಣಗಳನ್ನು ಹತ್ತಿಕ್ಕುತ್ತದೆ, ವರ್ಷಗಳು ಕಳೆದಂತೆ ತಾನೇ ಅನಿಚ್ಛೆಯ ಚಲನೆಗಳನ್ನು ತರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ೨೦೧೯ರಲ್ಲಿ ಲೋಕದಲ್ಲಿ ೮೫ ಲಕ್ಷಕ್ಕೂ ಹೆಚ್ಚು ಜನ ಈ ರೋಗಕ್ಕೆ ತುತ್ತಾಗಿದ್ದರು. ಕೋಶಗಳ ನಾಶವನ್ನೇ ತಡೆಯುವ ಚಿಕಿತ್ಸೆಗಾಗಿ ಅವರು ಕಾಯುತ್ತಿದ್ದಾರೆ. ಅಮೆರಿಕದ ಅಧ್ಯಕ್ಷರು ೨೦೧೩ರಲ್ಲಿ ಮಿದುಳಿನ ಅಧ್ಯಯನದ ಮಹಾಯೋಜನೆಯೊಂದನ್ನು ಸಾರಿದಾಗ, ಅದರಿಂದ ದೊರೆಯಬಹುದಾದ ಚಿಕಿತ್ಸೆಗಳ ಆಶ್ವಾಸನೆಯೂ ಜೊತೆಗಿತ್ತು. ಅದೇ ಯೋಜನೆಯ ವಾರ್ಷಿಕ ಅನುದಾನ ೨೦೨೩ರ ೬೮ ಕೋಟಿ ಡಾಲರುಗಳಿಂದ ೨೦೨೪ರಲ್ಲಿ ೪೦ ಕೋಟಿಗೆ ಇಳಿಯಿತು. ಈ ಇಳಿತಕ್ಕೆ ಕಾರಣಗಳು ಹಲವು. ಆದರೆ ವಿಜ್ಞಾನವನ್ನು ಔಷಧದ ಮುಂಗಡ ಖರೀದಿಯೆಂದು ಜನತೆಗೆ ಪರಿಚಯಿಸಿದವರು, ವಾಯಿದೆಗೆ ಸರಿಯಾಗಿ ಸರಕು ಬಾರದಾಗ ಆಡಲು ಮಾತಿಲ್ಲದೆ ನಿಲ್ಲಬೇಕಾಗುತ್ತದೆ. ಲೆಕ್ಕಪತ್ರದ ಕಥೆ ತನ್ನ ಪಕ್ಷವನ್ನೇ ದುರ್ಬಲಗೊಳಿಸುವುದು ಹೀಗೆ.

ಇದರ ಅರ್ಥ, ವಿಜ್ಞಾನಿಗಳು ಯಾರಿಗೂ ಉತ್ತರ ಕೊಡಬೇಕಾಗಿಲ್ಲವೆಂದಲ್ಲ. ಕೇಳುವ ಪ್ರಶ್ನೆ ಸರಿಯಾಗಿರಬೇಕು. ಈ ವರ್ಷ ಯಾವ ರೋಗ ವಾಸಿಯಾಯಿತು ಎಂದು ಕೇಳುವುದಕ್ಕೆ ಬದಲಾಗಿ, ಅಳತೆ ಪ್ರಾಮಾಣಿಕವೆ, ಕೂಡಿಟ್ಟ ಸಾಮಗ್ರಿ ಇತರರ ಉಪಯೋಗಕ್ಕೆ ದೊರೆಯುತ್ತದೆಯೆ, ಸೋತ ಪ್ರಯೋಗಗಳೂ ಪ್ರಕಟವಾಗುತ್ತಿವೆಯೆ, ಕಿರಿಯರು ಕಲಿಯುತ್ತಿದ್ದಾರೆಯೆ ಎಂದು ಕೇಳಬೇಕು. ಇವು ವರ್ಷ ವರ್ಷವೂ ಉತ್ತರಿಸಬಹುದಾದ ಪ್ರಶ್ನೆಗಳು.

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ೧೯೯೫ರಿಂದ ಸರಕಾರದ ನೆರವಿನೊಡನೆ ಮಾನವ ಮಿದುಳುಗಳ ಭಂಡಾರವೊಂದು ನಡೆಯುತ್ತಿದೆ. ಮೃತರ ಬಂಧುಗಳು ದಾನವಾಗಿ ಕೊಟ್ಟ ಮಿದುಳುಗಳನ್ನು ಅಲ್ಲಿ ಸಂಶೋಧಕರಿಗಾಗಿ ಕಾದಿರಿಸುತ್ತಾರೆ. ಅದರಿಂದ ಯಾವ ಮದ್ದು ಯಾವ ವರ್ಷ ಹುಟ್ಟೀತೆಂದು ಇಂದು ಯಾರೂ ಹೇಳಲಾರರು. ವಿಯೆನ್ನದಲ್ಲಿ ಪರೀಕ್ಷೆಗೊಳಗಾದ ಆ ಆರು ಮಿದುಳುಗಳ ವಿಷಯದಲ್ಲಿಯೂ ೧೯೫೯ರಲ್ಲಿ ಯಾರೂ ಹೇಳಲಾರದವರಾಗಿದ್ದರು. ಸಾರ್ವಜನಿಕ ಎಂಬ ಮಾತಿಗೆ ತೆರಿಗೆಯ ಹಣವೆಂದಷ್ಟೇ ಅರ್ಥಮಾಡುವುದು ಸಾಲದು. ಚಿಲಿಯ ಗಣಿಯ ಕೂಲಿಕಾರರೂ, ವಿಯೆನ್ನದ ಹೆಸರಿಲ್ಲದ ಮೃತರೂ, ಬೆಂಗಳೂರಿನಲ್ಲಿ ಶೋಕದ ಗಳಿಗೆಯಲ್ಲಿಯೂ ಒಪ್ಪಿಗೆಯಿತ್ತ ಬಂಧುಗಳೂ ಆ ಮಾತಿನೊಳಗೆ ಸೇರಿದವರು. ಈ ಚಿಕಿತ್ಸೆಯ ಚರಿತ್ರೆಯನ್ನು ಬರೆಯುವವರು ಅವರ ಪಾಲನ್ನೂ ಎಣಿಕೆಗೆ ತೆಗೆದುಕೊಳ್ಳಬೇಕು.